ಮೂಲೆಯ ಕೆಂಪನ್ನು ಒರೆಸಿದವರಿಗೆ

ಹಿರೇನೆರಳು,
ಬಾನಿ ಶಕ ನೂರಾ ಹನ್ನೆರಡು, ವರ್ಷದ ಹದಿಮೂರನೆಯ ತಿಂಗಳಾದ ಉರಿಮಾಸ, ಹುಣ್ಣಿಮೆಯ ಮರುದಿನ.

ಮಾನ್ಯರೇ,

ಹದಿಮೂರನೆಯ ತಿಂಗಳು ಎಂದ ಕೂಡಲೇ ನೀವು ಹುಬ್ಬೇರಿಸುತ್ತೀರಿ ಎಂದು ಬಲ್ಲೆ. ನಿಮ್ಮ ಕಾಲದಲ್ಲಿ ಹನ್ನೆರಡೇ ಇದ್ದವಂತೆ. ಬೇಸಿಗೆ ಬೆಳೆಯುತ್ತಾ ಹೋಗಿ ಇದ್ದ ತಿಂಗಳುಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಅದಕ್ಕೆಂದೇ ಒಂದು ತಿಂಗಳನ್ನು ಬಿಟ್ಟುಕೊಟ್ಟರು. ಪಂಚಾಂಗದವರು ತಲೆ ತಲೆ ಚಚ್ಚಿಕೊಂಡರೂ ಯಾರೂ ಕೇಳಲಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಯಾವ ಇಸವಿಯೋ ನನಗೆ ಖಚಿತವಿಲ್ಲ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಮಣ್ಣಾಗಿ ಬಹಳ ಕಾಲವಾಯಿತು ಎಂದಿಟ್ಟುಕೊಳ್ಳಿ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಓದಿ ನಿಮ್ಮ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ಪತ್ರ ನಿಮ್ಮ ಕೈಗೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ. ಹಿಂದಕ್ಕೆ ಕಳಿಸುವ ಅಂಚೆಯವರು ನಮ್ಮಲ್ಲಿದ್ದಾರೆ, ತಲುಪಿದರೆ ಪುಣ್ಯ ಎಂದು ಅವರೇ ಹೇಳುತ್ತಾರೆ.

ನೀವು ಯಾರೆಂದು ನನಗೆ ಗೊತ್ತಿಲ್ಲ, ಆದರೆ ಏನು ಮಾಡುತ್ತಿದ್ದೀರಿ ಎಂದು ಗೊತ್ತು. ಕಂಪ್ಯೂಟರಿನ ಮುಂದೆ ಕುಳಿತಿದ್ದೀರಿ. ಪರದೆಯ ಮೇಲೆ ಒಂದು ಕಬ್ಬಿಣದ ವಸ್ತುವಿನ ಚಿತ್ರವಿದೆ. ಅದನ್ನು ಸಾವಿರಾರು ಸಣ್ಣ ತುಂಡುಗಳಾಗಿ ಭಾಗಿಸಿದ್ದೀರಿ. ಒಂದೊಂದು ತುಂಡು ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ, ಪಕ್ಕದ ತುಂಡನ್ನು ಎಷ್ಟು ಜಗ್ಗುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತಿದೆ. ನೀವು ಅದಕ್ಕೆ ಫೈನೈಟ್ ಎಲಿಮೆಂಟ್ ಎನ್ನುತ್ತೀರಿ, ನಾವು ನೇಯ್ಗೆ ಎನ್ನುತ್ತೇವೆ. ನಾನು ಈ ಊರಿನ ನೇಯ್ಗೆಯವಳು. ಹೆಸರು ದಾಕ್ಷಾಯಿಣಿ. ನಿಮ್ಮ ವಿದ್ಯೆಯನ್ನೇ ಉಂಡು ಬದುಕಿದವಳು, ಆದ್ದರಿಂದ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಸ್ವಲ್ಪ ಹಕ್ಕಿದೆ ಎಂದುಕೊಂಡಿದ್ದೇನೆ.

ಮೊದಲು ಊರಿನ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಭಯ ನಿಮಗೆ ಅರ್ಥವಾಗುವುದಿಲ್ಲ. ಕೊಪ್ಪಳದ ಕಲ್ಲುಗುಡ್ಡಗಳ ಈಚೆ ಬಯಲಿನಲ್ಲಿ ನಾಲ್ಕು ದಪ್ಪ ಉಕ್ಕಿನ ಕಾಲುಗಳ ಮೇಲೆ ಒಂದು ಬಾನಿ ನಿಂತಿದೆ. ಬಾನಿ ಎಂದರೆ ನಿಮ್ಮ ಬಚ್ಚಲುಮನೆಯ ಬಾನಿಯಲ್ಲ. ಊರಿನಷ್ಟೇ ಅಗಲವಾದ ನೀರಿನ ಪಾತ್ರೆ. ದೂರದ ಘಟ್ಟದಲ್ಲಿ ಮಳೆ ಬೀಳುವುದು ವರ್ಷಕ್ಕೆ ಒಂದು ವಾರ, ಅದೂ ಈ ಉರಿಮಾಸದಲ್ಲೇ. ಆ ನೀರು ಕಾಲುವೆಯಲ್ಲಿ ನುಗ್ಗಿ ಬರುತ್ತದೆ, ಪಂಪುಗಳು ಅದನ್ನು ಬಾನಿಗೆ ಏರಿಸುತ್ತವೆ, ಅದನ್ನೇ ವರ್ಷವಿಡೀ ಕುಡಿಯಬೇಕು. ಆ ವಾರ ತಪ್ಪಿತೆಂದರೆ ಬಾಯಿಗೆ ಮಣ್ಣು. ಇನ್ನು ಬಾನಿಯ ಅಡಿಯಲ್ಲಿ ಬೀಳುವ ನೆರಳು. ಅದೇ ನಮ್ಮ ಊರು. ಬಿಸಿಲಿಗೆ ಮೈಯೊಡ್ಡಿ ಬದುಕುವ ಕಾಲ ಹೋಯಿತು. ಮೇಲೆ ನೀರಿದ್ದರೆ ಕೆಳಗೆ ತಂಪು. ನಮ್ಮ ಮನೆಗಳಿಗೆ ಸೂರು ಇಲ್ಲ, ಬಾನಿಯ ಹೊಟ್ಟೆಯೇ ಸೂರು. ಹೆಂಗಸರು ರೊಟ್ಟಿ ತಟ್ಟುವುದು, ಮುದುಕರು ಎಲೆಯಡಿಕೆ ಹಾಕಿಕೊಂಡು ಹರಟುವುದು, ಮಕ್ಕಳ ಶಾಲೆ, ಮದುವೆ, ಜಗಳ ಎಲ್ಲವೂ ಆ ಹೊಟ್ಟೆಯ ಕೆಳಗೇ. ಹೊಲದ ಕೆಲಸಕ್ಕೆ ನಸುಕಿನಲ್ಲಿ ಹೊರಗೆ ಹೋಗಿ ಬಿಸಿಲೇರುವ ಮುಂಚೆ ಒಳಗೆ ಓಡಿಬರುತ್ತೇವೆ. ಹೆಣ್ಣು ಕೊಡುವವರು ಹುಡುಗನ ಮನೆ ನೆರಳಿನ ನಡುವಿನಲ್ಲಿದೆಯೋ ಅಂಚಿನಲ್ಲಿದೆಯೋ ಎಂದು ಮೊದಲು ವಿಚಾರಿಸುತ್ತಾರೆ.

ಪ್ರತಿ ವರ್ಷ ಬಾನಿ ತುಂಬುವ ಮೊದಲು ನೇಯ್ಗೆ ನಡೆಯಬೇಕೆಂಬುದು ನಿಯಮ. ಊರಿನ ಕಟ್ಟೆಯ ಮೇಲೆ ದೊಡ್ಡ ಪರದೆ ಇಡುತ್ತೇವೆ. ಬಾನಿಯ ಚಿತ್ರ ಮೂಡುತ್ತದೆ, ನಾವು ಅದರಲ್ಲಿ ನೀರಿನ ಭಾರ ತುಂಬುತ್ತೇವೆ, ಹೆಚ್ಚು ಜಗ್ಗಾಟವಿರುವ ಕಡೆ ಬಣ್ಣ ನೀಲಿಯಿಂದ ಹಸಿರಿಗೆ, ಹಳದಿಗೆ, ಕೆಂಪಿಗೆ ತಿರುಗುತ್ತದೆ. ಊರೆಲ್ಲ ನೆರೆದು ನೋಡುತ್ತದೆ. ಕಾಲು ಹೊಟ್ಟೆಯನ್ನು ತೂರಿ ನೀರಿನೊಳಗೆ ಏರುವ ಒಳಮೂಲೆಗಳಲ್ಲಿ ಪ್ರತಿ ಸಲವೂ ಚುಕ್ಕಿಯಷ್ಟು ಕೆಂಪು ಹೊಳೆಯುತ್ತದೆ. ಆಗ ಹಿರಿಯ ನೇಯ್ಗೆಯವರು ಎದ್ದು, ಒದ್ದೆ ಬಟ್ಟೆಯಿಂದ ಪರದೆಯ ಮೇಲಿನ ಆ ನಾಲ್ಕು ಚುಕ್ಕಿಗಳನ್ನು ಒರೆಸುತ್ತಾರೆ. ಒರೆಸಿದರೆ ಬಣ್ಣ ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಒರೆಸಿದ ಮೇಲೆ ಜನ ಚಪ್ಪಾಳೆ ತಟ್ಟುತ್ತಾರೆ, ಮಂಡಕ್ಕಿ ಹಂಚುತ್ತಾರೆ, ಪಂಪು ಶುರುವಾಗುತ್ತದೆ. ಆ ಚುಕ್ಕಿಗೆ ನಾವು ಸುಳ್ಳುಗೆಂಪು ಎನ್ನುತ್ತೇವೆ.

ಅದು ಮೂಢನಂಬಿಕೆ ಎಂದು ನಗಬೇಡಿ. ಕಲಿಸಿದವರು ನೀವೇ. ನನಗೆ ನೇಯ್ಗೆ ಹೇಳಿಕೊಟ್ಟವರು ವಿರುಪಣ್ಣ ಮಾಸ್ತರರು, ಈಗ ನಮ್ಮ ನೆರಳಸಭೆಯ ಯಜಮಾನರು. ತಂದೆ ಸತ್ತ ಮೇಲೆ ನನ್ನನ್ನು ಮನೆಮಗಳ ಹಾಗೆ ಬೆಳೆಸಿದವರು. ಅವರು ಮೊದಲ ಪಾಠದಲ್ಲೇ ಹೇಳಿದ್ದು ಇದು: ನಿಜವಾದ ಕೆಂಪಿದ್ದರೆ, ತುಂಡುಗಳನ್ನು ಸಣ್ಣದು ಮಾಡುತ್ತಾ ಹೋದಂತೆ ಅದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸುಳ್ಳುಗೆಂಪು ನಿಲ್ಲುವುದಿಲ್ಲ. ತುಂಡು ಅರ್ಧ ಮಾಡಿದರೆ ಇನ್ನಷ್ಟು ಏರುತ್ತದೆ, ಮತ್ತೆ ಅರ್ಧ ಮಾಡಿದರೆ ಮತ್ತಷ್ಟು. ಏಕೆಂದರೆ ಚಿತ್ರದಲ್ಲಿ ಆ ಮೂಲೆ ಚಾಕುವಿನಷ್ಟು ಚೂಪು, ಚೂಪಿನ ತುದಿಗೆ ಲೆಕ್ಕದಲ್ಲಿ ಮಿತಿಯೇ ಇಲ್ಲ. ಲೋಕದಲ್ಲಿ ಅಂಥ ಚೂಪು ಮೂಲೆ ಇರುವುದಿಲ್ಲ, ಆದ್ದರಿಂದ ಆ ಕೆಂಪಿಗೆ ಬೆಲೆ ಕೊಡಬೇಡ. ಇದು ನಿಮ್ಮ ಪುಸ್ತಕಗಳಲ್ಲೂ ಇದೆ, ಓದಿದ್ದೇನೆ. ಅದರಲ್ಲಿ ತಪ್ಪು ಒಂದಕ್ಷರವೂ ಇಲ್ಲ. ನನ್ನ ಸಂಕಟ ಇರುವುದೇ ಅಲ್ಲಿ.

ನಮ್ಮಲ್ಲಿ ಇನ್ನೊಂದು ಕಟ್ಟುಪಾಡು ಇದೆ. ನೇಯ್ಗೆಯವರು ಕಬ್ಬಿಣ ಮುಟ್ಟುವಂತಿಲ್ಲ, ಕಮ್ಮಾರಶಾಲೆಯವರು ನೇಯ್ಗೆಯ ಮನೆಗೆ ಬರುವಂತಿಲ್ಲ. ಒಬ್ಬರ ಕೈ ಕಂಡು ಇನ್ನೊಬ್ಬರ ಕಣ್ಣು ಮರುಳಾಗಬಾರದು ಎಂದು ಯಾರೋ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ನನ್ನ ಮಗಳು ಹಂಪಮ್ಮ ಕಮ್ಮಾರಶಾಲೆ ಸೇರಿದಾಗ ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಕೆಲಸದ ಮಾತೇ ಆಡದವರಾದೆವು. ಅವಳು ಜನರು ಕರೆದು ತೋರಿಸುವಂಥ ಕೆಲಸಗಾರ್ತಿ. ಈಗಿನ ಬಾನಿಯನ್ನು ಕಟ್ಟಿ ನಾಲ್ಕು ವರ್ಷವಾಯಿತು; ಅದರ ಒಳಮೂಲೆಗಳನ್ನು ತೀಡಿ ಮುಗಿಸಿದವಳು ಅವಳೇ. ಹೊಸ ಬಾನಿಗೆ ಇದುವರೆಗೆ ಅರೆಹೊಟ್ಟೆ ನೀರೇ ಬಂದಿತ್ತು. ಈ ವರ್ಷ ಘಟ್ಟದಲ್ಲಿ ಮಳೆ ಜೋರು, ಬಾಯಿತನಕ ತುಂಬುತ್ತದೆ ಎಂದು ಊರೆಲ್ಲ ಸಂಭ್ರಮದಲ್ಲಿತ್ತು.

ಬಾನಿ ಬರಿದಾಗಿದ್ದಾಗ ಹಂಪಮ್ಮ ಕಟ್ಟುಪಾಡು ಮುರಿದು ನನ್ನನ್ನು ಒಳಗೆ ಕರೆದೊಯ್ದಳು. ತಾಯಿ ಒಂದು ಸಲವಾದರೂ ತನ್ನ ಕೆಲಸ ನೋಡಲಿ ಎಂಬ ಆಸೆ, ಪಾಪ. ನಾಲ್ಕನೆಯ ಕಾಲಿನ ಮೂಲೆಗೆ ದೀಪ ಹಿಡಿದು ಹೇಳಿದಳು: "ನೋಡು ಯವ್ವಾ, ಬೆಸುಗಿ ಹಾಕಿದಾಗ ಇಲ್ಲಿ ಗುಂಡಗ ಉಬ್ಬಿರ್ತೈತಿ. ನಕ್ಷಾದಾಗ ಹಂಗಿಲ್ಲಲ್ಲ. ಅದನ್ನೆಲ್ಲಾ ಅರ ಹಾಕಿ ತಗದೀನಿ. ಈಗ ನಕ್ಷಾ ಹೆಂಗೈತೋ ಬಾನಿ ಹಂಗೈತಿ." ನಾನು ಬೆರಳಿಟ್ಟು ನೋಡಿದೆ. ಎರಡು ಹಲಗೆಗಳು ಕೂಡುವಲ್ಲಿ ಬೆರಳ ತುದಿ ಹೋಗಿ ನಿಲ್ಲಲು ಜಾಗವಿರಲಿಲ್ಲ, ಅಷ್ಟು ಚೂಪು. ಶಭಾಷ್ ಎಂದೆ. ಮನೆಗೆ ಬಂದ ಮೇಲೂ ನನ್ನ ಬೆರಳಿಗೆ ಸಮಾಧಾನವಿರಲಿಲ್ಲ.

ಊರ ಹೊರಗೆ ಹಳೆಯ ಬಾನಿಯ ಕಾಲುಗಳು ತುಕ್ಕು ಹಿಡಿದು ಬಿದ್ದಿವೆ. ಮಾರನೆಯ ದಿನ ನಸುಕಿನಲ್ಲಿ ಹೋಗಿ ಅದರ ಮೂಲೆಗಳನ್ನು ನೋಡಿದೆ. ಅಲ್ಲಿ ಬೆಸುಗೆ ಪಾಕ ಹರಿದು ಗಟ್ಟಿಯಾದ ಹಾಗೆ ದಪ್ಪಗೆ, ಗುಂಡಗೆ ಕುಳಿತಿತ್ತು. ಈಗಿನ ಹುಡುಗರು ಅದನ್ನು ಒಡ್ಡೊಡ್ಡಾದ ಕೆಲಸ ಎಂದು ಆಡಿಕೊಳ್ಳುತ್ತಾರೆ. ಆ ಒಡ್ಡು ಕೆಲಸ ಮೂರು ತಲೆಮಾರು ನೀರು ಹೊತ್ತಿತ್ತು. ಆಗ ನನಗೆ ತಿಳಿಯಿತು. ನೀವು ನಕ್ಷೆಯಲ್ಲಿ ಮೂಲೆಯನ್ನು ಚೂಪಾಗಿ ಎಳೆದದ್ದು ನಿಮ್ಮ ಅನುಕೂಲಕ್ಕೆ. ಗುಂಡು ಎಳೆದರೆ ಸಣ್ಣ ತುಂಡುಗಳು ಲೆಕ್ಕವಿಲ್ಲದಷ್ಟು ಬೇಕು, ಯಂತ್ರಕ್ಕೆ ಹೊತ್ತು ಹಿಡಿಯುತ್ತದೆ. ಕಟ್ಟುವಾಗ ಬೆಸುಗೆಯವನು ಹೇಗೂ ಗುಂಡು ಮಾಡುತ್ತಾನೆ ಎಂದು ನಿಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಯಾರಿಗೂ ಹೇಳಲಿಲ್ಲ. ನಿಮ್ಮ ನಕ್ಷೆ ನಮಗೆ ಬಂತು, ಆ ತಿಳಿವಳಿಕೆ ಬರಲಿಲ್ಲ. ನಮ್ಮ ಕಮ್ಮಾರಶಾಲೆಗೆ ಕಬ್ಬಿಣ ಉಜ್ಜುವ ಒಳ್ಳೆಯ ಅರಗಳು ಬಂದವು, ಕೈ ಪಳಗಿತು, ನಾವು ನಕ್ಷೆಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದ ಹಾಗೆ ಕಟ್ಟಿದೆವು. ಲೋಕದಲ್ಲಿ ಇಲ್ಲದ ಚೂಪು ಮೂಲೆಯನ್ನು ಹಟ ಹಿಡಿದು ಲೋಕಕ್ಕೆ ತಂದೆವು.

ನೇಯ್ಗೆಯ ಮನೆಯಲ್ಲಿ ಕುಳಿತು ಹಳೆಯ ಬಾನಿಯ ಗುಂಡು ಮೂಲೆಯನ್ನು ಹಾಕಿ ನೋಡಿದೆ. ಕೆಂಪು ಹಳದಿಯಾಗಿ ಒಂದೇ ಮಟ್ಟದಲ್ಲಿ ನಿಂತಿತು, ಬಾಯಿತನಕ ನೀರಿದ್ದರೂ ಭಯವಿರಲಿಲ್ಲ. ಚೂಪು ಮೂಲೆ ಹಾಕಿದೆ. ಏರುತ್ತಲೇ ಹೋಯಿತು. ಒಡೆಯುತ್ತದೆ ಎಂದು ನೇಯ್ಗೆ ಹೇಳಲಿಲ್ಲ, ಒಡೆಯುವುದಿಲ್ಲ ಎಂದೂ ಹೇಳಲಿಲ್ಲ. ಅಂಥ ಮೂಲೆಯ ಬಗ್ಗೆ ಹೇಳಲು ಅದಕ್ಕೆ ಬರುವುದೇ ಇಲ್ಲ. ಈ ವರ್ಷವೋ, ಹತ್ತು ವರ್ಷದ ಮೇಲೋ, ಯಾವತ್ತೂ ಇಲ್ಲವೋ, ನನಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇಷ್ಟು ನರಳುತ್ತಿರಲಿಲ್ಲ.

ಹಂಪಮ್ಮನಿಗೆ ಹೇಳಿದಾಗ ಅವಳು ತಟ್ಟೆ ದೂಡಿ ಎದ್ದಳು. "ಊರು ಹೊಗಳಿದ ಕೆಲಸಾನ ನೀನೊಬ್ಬಾಕಿ ತಪ್ಪು ಅಂತೀದಿ. ಕಬ್ಬಿಣದ ಬಗ್ಗೆ ನಿನಗೇನ್ ಗೊತ್ತು?" ಎಂದಳು. ಅವಳ ಮಾತು ಸುಳ್ಳಲ್ಲ. ನಾನು ವಾದಿಸಲಿಲ್ಲ, ಬಾನಿಯದೇ ಉಕ್ಕಿನ ತೆಳು ಪಟ್ಟಿ ಎರಡು ಕತ್ತರಿಸಿಕೊಡು ಎಂದೆ, ಎರಡರ ಅಂಚಿಗೂ ಒಂದೊಂದು ಕಚ್ಚು ಹಾಕು, ಒಂದರದು ಚೂಪು ಇರಲಿ, ಇನ್ನೊಂದರದು ಗುಂಡಗಿರಲಿ. ಮುಖ ಗಂಟು ಹಾಕಿಕೊಂಡೇ ಕತ್ತರಿಸಿದಳು. ಇಕ್ಕಳದಲ್ಲಿ ಹಿಡಿದು ತಾನೇ ಹಿಂದಕ್ಕೂ ಮುಂದಕ್ಕೂ ಬಗ್ಗಿಸತೊಡಗಿದಳು, ವರ್ಷ ವರ್ಷ ಬಾನಿ ತುಂಬಿ ಬರಿದಾಗುವ ಹಾಗೆ. ಚೂಪು ಕಚ್ಚಿನದು ಬಹುಬೇಗ ಲಟಕ್ಕೆಂದು ಮುರಿಯಿತು. ಗುಂಡಗಿದ್ದದ್ದು ಕೈ ಸೋತರೂ ಮುರಿಯಲಿಲ್ಲ. ಅವಳು ಮುರಿದ ತುಂಡಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ಮಡಿಲಲ್ಲಿಟ್ಟುಕೊಂಡಳು. ಮಗಳ ಮುಖ ನೋಡಲಾಗದೆ ನಾನು ಒಲೆಯ ಕಡೆ ತಿರುಗಿದೆ.

ಅಷ್ಟರಲ್ಲಿ ಘಟ್ಟದಲ್ಲಿ ಮಳೆ ಬಿದ್ದಿತ್ತು, ಕಟ್ಟೆಯ ಮೇಲೆ ಕೆಂಪು ಒರೆಸುವುದೂ ಮುಗಿದು ಪಂಪು ಶುರುವಾಗಿತ್ತು, ಮೂಲೆಗಳು ನೀರಿನಡಿ ಹೋಗಿದ್ದವು. ಮತ್ತೆ ಬೆಸುಗೆ ಹಾಕಬೇಕಾದರೆ ನೀರು ಬಿಡಬೇಕು, ನೀರು ಬಿಟ್ಟರೆ ವರ್ಷವಿಡೀ ಬಾಯಾರಿಕೆ. ಅರೆಹೊಟ್ಟೆಗೇ ಪಂಪು ನಿಲ್ಲಿಸಿ ಎಂದರೆ, ಮೂರು ವರ್ಷ ಅರೆನೀರಿನಲ್ಲಿ ಬಳಲಿದ ಜನ ಕೇಳುವಂತಿರಲಿಲ್ಲ. ನಾನು ನೆರಳಸಭೆಯಲ್ಲಿ ಬೇಡಿಕೊಂಡದ್ದು ಇಷ್ಟೇ: ತುಂಬಿ ನಿಲ್ಲುವವರೆಗಾದರೂ ಎಲ್ಲರೂ ಬಾನಿಯ ಅಡಿಯಿಂದ ಹೊರಗೆ ಬನ್ನಿ, ಮುಂದಿನ ಬೇಸಿಗೆಯಲ್ಲಿ ಮೂಲೆ ಸರಿಮಾಡೋಣ. ಪಟ್ಟಿಗಳನ್ನು ತೋರಿಸಿದೆ. ವಿರುಪಣ್ಣ ಮಾಸ್ತರರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ದಾಕ್ಷಾಯಿಣಿ, ನೀ ನನ್ನ ಕೈಯಾಗ ಕಲ್ತಾಕಿ," ಎಂದರು. "ತುಂಡು ಸಣ್ಣದು ಮಾಡಿದಿ, ಕೆಂಪು ನಿಂತಿತೇನವ್ವ?"

ಇಲ್ಲ ಎಂದೆ.

"ನಿಲ್ಲದ ಕೆಂಪಿಗೆ ಏನಂತೀವಿ?"

ಸುಳ್ಳುಗೆಂಪು ಎಂದು ಸಭೆಯೇ ಉತ್ತರಿಸಿತು. ಮಕ್ಕಳು ಕೂಡ ದನಿಗೂಡಿಸಿದವು. ಮಾಸ್ತರರು ಮೆತ್ತಗೆ ಮುಂದುವರಿಸಿದರು: "ಹೊರಗ ಉರಿಮಾಸದ ಬಿಸಿಲು. ಹಸುಗೂಸು ಅದಾವು, ಎದ್ದು ಕುಂದ್ರಾಕ ಬರದ ಮುದುಕರು ಅದಾರ. ಅವ್ರನ್ನ ನಿನ್ನ ಅನುಮಾನಕ್ಕ ಬಿಸಿಲಿಗೆ ಹಾಕಂತೀಯೇನು? ಹೊರಗ ಹ್ವಾದ್ರ ಸಾಯ್ತಾರ, ಇದು ಅನುಮಾನಲ್ಲ, ನನಗ ಗೊತ್ತೈತಿ."

ಆಗ ಹಂಪಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತಳು. "ಆ ಮೂಲಿ ತೀಡಿದಾಕಿ ನಾನು," ಎಂದಳು. "ನೀವೆಲ್ಲಾ ಹೊಗಳಿದ್ರಿ, ನಾನೂ ಹಿಗ್ಗಿದೆ. ಹೇಳಿದ್ದು ಹೇಳಿದಂಗ ಮಾಡೀನಿ, ಆದ್ರ ಹೇಳಿದ್ದ ತಪ್ಪೈತಿ. ಪಟ್ಟಿ ಮುರಿದಿದ್ದು ನನ್ನ ಕೈಯಾಗ. ನಾನಂತೂ ಅದರ ಬುಡಕ ಮಲಗಂಗಿಲ್ಲ." ಅಷ್ಟು ಹೇಳಿ, ನೀರಿನ ಕೊಡ ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ ನೆರಳು ದಾಟಿ ಬಿಸಿಲಿಗೆ ಹೋದಳು. ತನ್ನ ಹೆಸರನ್ನು ತಾನೇ ಹಾಳುಮಾಡಿಕೊಂಡು ಹೋದ ಮಗಳ ಹಿಂದೆ ನಾನು ಓಡಿದೆ. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ನಮ್ಮ ಹಿಂದೆ ಒಂದಷ್ಟು ಮನೆಯವರು ಬಂದರು, ಹೆಚ್ಚಿನವರು ಕಮ್ಮಾರಶಾಲೆಯವರು. ತಾಡಪತ್ರಿ ಕಟ್ಟಿಕೊಂಡು, ಗೋಣಿ ತಟ್ಟು ನೆನೆಸಿ ಹೊದ್ದುಕೊಂಡು ಕುಳಿತಿದ್ದೇವೆ. ನಿನ್ನೆ ಬಸಲಿಂಗವ್ವನೆಂಬ ಮುದುಕಿಗೆ ಬಿಸಿಲು ಬಡಿದು ಪ್ರಜ್ಞೆ ತಪ್ಪಿತು. ನೀರು ಚಿಮುಕಿಸಿ, ಬೀಸಣಿಗೆ ಹಾಕಿ ಉಳಿಸಿಕೊಂಡೆವು. ಅವಳ ಮೊಮ್ಮಗಳು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಇಲ್ಲಿ ಯಾರಾದರೂ ಸತ್ತು ಬಾನಿ ನಿಂತುಬಿಟ್ಟರೆ ಕೊಂದವಳು ನಾನೇ. ಬಾನಿ ಬಿದ್ದರೆ, ಇನ್ನೂ ಗಟ್ಟಿಯಾಗಿ ಕೂಗದೆ ಹೋದವಳೂ ನಾನೇ. ಎರಡರ ನಡುವೆ ನಿದ್ದೆಯೂ ಇಲ್ಲ, ಊಟವೂ ಸೇರುವುದಿಲ್ಲ.

ಹೊರಗೆ ಬಂದವರನ್ನು ನೋಡಿ ಒಳಗಿನವರ ಧೈರ್ಯವೂ ಅಲುಗಾಡತೊಡಗಿತು. ಆಗ ಮಾಸ್ತರರು ಒಂದು ಕೆಲಸ ಮಾಡಿದರು. ತಮ್ಮ ಹೊರಸನ್ನು ಮನೆಯಿಂದ ಎತ್ತಿಸಿ, ನಾಲ್ಕನೆಯ ಕಾಲು ಹೊಟ್ಟೆಗೆ ಸೇರುವ ಜಾಗದ ನೇರ ಕೆಳಗೆ ಹಾಕಿಸಿಕೊಂಡು ಮಲಗಿದರು. ಜನ ಹೆದರಿ ಬಿಸಿಲಿಗೆ ಬೀಳದಿರಲಿ ಎಂದು. ನನ್ನನ್ನು ಹಂಗಿಸಲು ಅಲ್ಲ, ಅವರು ಅಂಥವರಲ್ಲ. ನಾನು ಹೋಗಿ ಅವರ ಕಾಲು ಹಿಡಿದೆ. ತಲೆ ನೇವರಿಸಿ, "ಹುಚ್ಚಿ, ಬಿಸಿಲಾಗ ಕುಂದ್ರಬ್ಯಾಡ, ಒಳಗ ಬಾ" ಎಂದರು. ನಾನು ಅವರನ್ನು ಹೊರಗೆ ಕರೆಯುತ್ತೇನೆ, ಅವರು ನನ್ನನ್ನು ಒಳಗೆ ಕರೆಯುತ್ತಾರೆ. ಇಬ್ಬರದೂ ಮಮತೆಯೇ.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಲೆಕ್ಕ ನಿಲ್ಲಿಸಿ ಎಂದು ಕೇಳುವುದಿಲ್ಲ. ಅದಿಲ್ಲದೆ ನಮಗೆ ಬಾನಿಯೂ ಇಲ್ಲ, ನೆರಳೂ ಇಲ್ಲ. ಮೂಲೆಯನ್ನು ಚೂಪಾಗಿ ಎಳೆಯಬೇಡಿ ಎಂದೂ ಹೇಳುವುದಿಲ್ಲ, ನಿಮಗೂ ಮನೆಗೆ ಹೋಗುವ ಅವಸರವಿರುತ್ತದೆ. ಎಳೆಯಿರಿ. ಆದರೆ ನಕ್ಷೆಯಲ್ಲಿ ಆ ಮೂಲೆಯ ಪಕ್ಕದಲ್ಲೇ ಒಂದು ಸಾಲು ಬರೆಯಿರಿ: ಇದು ನನ್ನ ಅನುಕೂಲಕ್ಕೆ ಎಳೆದದ್ದು, ನಿಜವಲ್ಲ, ಕಟ್ಟುವವರು ಇದನ್ನು ಗುಂಡಗೆ ಮಾಡಲೇಬೇಕು. ಎಲ್ಲರಿಗೂ ಗೊತ್ತಿರುವುದೇ ತಾನೇ ಎಂದು ಬಿಟ್ಟುಬಿಡಬೇಡಿ. ಗೊತ್ತಿರುವ ಎಲ್ಲರೂ ಒಂದು ದಿನ ಸತ್ತುಹೋಗುತ್ತಾರೆ, ನಕ್ಷೆ ಉಳಿಯುತ್ತದೆ. ಆಮೇಲೆ ಎದ್ದು ಕೆಲಸದ ಶಾಲೆಗೆ ಹೋಗಿ, ಬೆಸುಗೆಯವರನ್ನು ಮಾತಾಡಿಸಿ, ನಿಮ್ಮ ಮೂಲೆಯನ್ನು ಒಮ್ಮೆ ಬೆರಳಿಟ್ಟು ಮುಟ್ಟಿ ನೋಡಿ. ನಾನು ಕೇಳುವುದು ಇಷ್ಟೇ, ಕೈ ಮುಗಿದು ಕೇಳುತ್ತೇನೆ.

ಹೊತ್ತು ಇಳಿಯುತ್ತಿದೆ. ಪಂಪಿನ ಸದ್ದು ಇನ್ನೂ ನಿಂತಿಲ್ಲ, ನಾಳೆ ಸಂಜೆಗೆ ಬಾನಿ ಬಾಯಿತನಕ ತುಂಬುತ್ತದೆ. ಇಲ್ಲಿಂದ ಮಾಸ್ತರರ ಹೊರಸು ಕಾಣುತ್ತದೆ, ಅವರು ಒಂದು ಮಗ್ಗುಲಿಗೆ ತಿರುಗಿ ಮಲಗಿರುವುದೂ ಕಾಣುತ್ತದೆ. ಜೀವಮಾನವಿಡೀ ನನ್ನ ಲೆಕ್ಕ ಸರಿಯಾಗಲಿ ಎಂದು ಹರಸಿದವರು ಅವರು. ಇವತ್ತು ನನ್ನ ಲೆಕ್ಕ ತಪ್ಪಾಗಲಿ ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೇನೆ. ಉರಿಮಾಸ ಮುಗಿದ ಮೇಲೆ ಅವರು ಎದ್ದು ಕಟ್ಟೆಗೆ ಬಂದು, ಊರೆಲ್ಲ ಸೇರಿಸಿ, ಈ ಹುಚ್ಚಿಯನ್ನು ನೋಡಿರೋ ಎಂದು ನಗಲಿ. ನಾನು ಸಾಯುವವರೆಗೂ ನಗಲಿ.

ಇತಿ,
ನಿಮ್ಮ ನಕ್ಷೆಯ ಕೆಳಗೆ ಬದುಕಿದ
ದಾಕ್ಷಾಯಿಣಿ